ಫಿರಂಗಿ ಖಡ್ಗ: ಅಸಲಿ ಮತ್ತು ನಕಲು

ಫಿರಂಗಿ ಖಡ್ಗವು ಯುರೋಪಿನಿಂದ ಬಂದ, ಅಥವಾ ಅದೇ ಮಾದರಿಯಲ್ಲಿ ಇಲ್ಲಿ ತಯಾರಾದ ನೇರ ಅಲಗಿಗೆ ಬುಟ್ಟಿಯಾಕಾರದ ಭಾರತೀಯ ಹಿಡಿ ಜೋಡಿಸಿದ ಸೈನಿಕ ಆಯುಧ. 17–18ನೆಯ ಶತಮಾನಗಳಲ್ಲಿ ಮರಾಠರು ಇದನ್ನು ವ್ಯಾಪಕವಾಗಿ ಬಳಸಿದರು. 1657ರಲ್ಲಿ ಶಿವಾಜಿಯ ವಶವಾದ ಕಲ್ಯಾಣ, 1737ರಲ್ಲಿ ಪೋರ್ಚುಗೀಸರಿಂದ ಮರಾಠರ ಕೈಸೇರಿದ ಠಾಣೆ ಇದರ ಸಹಜ ನೆಲೆಗಳು. ಆದರೆ ದೊರೆತ ಸ್ಥಳವೊಂದೇ ಅಸಲಿತನದ ಪುರಾವೆಯಲ್ಲ.

ನಿರ್ಣಾಯಕ ಸಾಕ್ಷ್ಯ ಸಿಗುವುದು ಅಲಗು ಹಿಡಿಗೆ ಸೇರುವ ಕಡೆ. ಹಳೆಯ ಖಡ್ಗದಲ್ಲಿ ಅಲಗಿನ ಗಿಡ್ಡ ಬಾಲವನ್ನು ಹಿಡಿಯೊಳಗೆ ಅರಗು ಅಥವಾ ರಾಳ ತುಂಬಿ ಕೂರಿಸಿರುತ್ತಾರೆ. ಇಂದಿನ ಪ್ರತಿಕೃತಿಗಳಲ್ಲಿ ಬೆಸುಗೆ, ಇಲ್ಲವೇ ತಿರುಪು-ನಟ್ಟು ಸಾಮಾನ್ಯ. ಅಲಗಿನ ಮೇಲಿನ ಯುರೋಪಿನ ಮುದ್ರೆ ಸಾಲದೇ ಎಂದರೆ, ಜಿನೋವಾದ ಕುಡುಗೋಲು ಗುರುತನ್ನು ಅಂದಿನ ಭಾರತೀಯ ಕಮ್ಮಾರರೇ ಅನುಕರಿಸುತ್ತಿದ್ದರು. ತುಕ್ಕನ್ನೂ ನೆಚ್ಚುವಂತಿಲ್ಲ, ಆಮ್ಲ ಹಚ್ಚಿ ಅದನ್ನು ಬೇಗ ಬರಿಸಬಹುದು. ಹಳೆಯ ಅಲಗಿಗೂ ಮುಂದೆ ಹೊಸ ಹಿಡಿ ಹಾಕಿರಬಹುದೆಂಬ ಆಕ್ಷೇಪ ಸರಿಯೇ. ಆದ್ದರಿಂದ ಜೋಡಣೆಯ ಜೊತೆಗೆ ಅಂಚಿನ ಸವೆತ, ಮತ್ತೆ ಮತ್ತೆ ಸಾಣೆ ಹಿಡಿದು ಕಿರಿದಾದ ಅಗಲ, ತುದಿಯ ಕಡೆಗೆ ತೆಳುವಾಗುವ ದಪ್ಪ ಇವೆಲ್ಲವೂ ಹೊಂದಿಕೊಳ್ಳಬೇಕು. ಸ್ಟೇನ್‌ಲೆಸ್ ಉಕ್ಕಿನ ಅಲಗಾದರೆ ಅದು 20ನೆಯ ಶತಮಾನಕ್ಕಿಂತ ಹಳೆಯದಲ್ಲ.

ನೂರು ವರ್ಷ ಕಳೆದ ಖಡ್ಗ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಪುರಾವಸ್ತುವೆನಿಸುತ್ತದೆ; ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ.