ಹೆಸರಿಲ್ಲದ ತಾಯಂದಿರು

ನಮ್ಮ ಸೋದರತ್ತೆಯನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಬೇಸಿಗೆ ರಜಕ್ಕೆ ನಾವು ಮಕ್ಕಳು ಅಲ್ಲಿಗೆ ಹೋಗುತ್ತಿದ್ದೆವು. ಅತ್ತೆಯ ಕೈಯ ಹುರುಳಿಸಾರಿನ ಆಸೆಗಿಂತ ಕುದುರೆ ಫಾರಮ್ಮಿನ ಬೇಲಿಯ ಹತ್ತಿರ ನಿಲ್ಲುವ ಆಸೆಯೇ ನಮಗೆ ದೊಡ್ಡದು. ಟಿಪ್ಪು ಸುಲ್ತಾನನ ದಂಡಿಗೆ ಕುದುರೆ ಸಾಕಿದ ಜಾಗ ಅದು. ನಾವು ನೋಡುವ ಹೊತ್ತಿಗೆ ರೇಸಿನ ಕುದುರೆಗಳು ಹುಟ್ಟುವ ಊರಾಗಿತ್ತು. ಒಂದು ಸಂಜೆ ಕಂದು ಬಣ್ಣದ ಕುದುರೆಯೊಂದು ಒಂಟಿಯಾಗಿ ಮೇಯುತ್ತಿತ್ತು. ‘ಇದಕ್ಕೆ ಮರಿ ಇಲ್ಲವಾ?’ ಎಂದು ಕೇಳಿದೆ. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಮುದುಕ, ‘ಗೊಡ್ಡು ಕಣವ್ವ ಅದು, ಮೂರು ವರ್ಷದಿಂದ ಗಬ್ಬ ನಿಂತಿಲ್ಲ’ ಎಂದ. ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡು, ‘ನಡೀರಿ, ದೀಪ ಹಚ್ಚೋ ಹೊತ್ತಾಯ್ತು’ ಎಂದು ಮುಂದೆ ನಡೆದುಬಿಟ್ಟರು.

ಅದೇ ಮಾತನ್ನು ಅತ್ತೆ ತಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದರೋ! ಅವರಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟುವ ಮೊದಲೇ ಮಾವನವರಿಗೆ ಎರಡನೆಯ ಮದುವೆಯಾಗಿತ್ತು. ಆಕೆಗೂ ಮಕ್ಕಳಾಗಲಿಲ್ಲ. ಆಗ ಮನೆಯಲ್ಲಿ ಎರಡು ಗೊಡ್ಡುಗಳಿವೆ ಎಂದರೇ ಹೊರತು ಮಾವನವರ ಮೇಲೆ ಯಾರೂ ಒಂದು ಮಾತು ಆಡಲಿಲ್ಲ.

ಕುದುರೆಗಳ ಚರಿತ್ರೆ ಓದತೊಡಗಿದ್ದು ಬಹಳ ವರ್ಷಗಳ ಮೇಲೆ. ರೇಸಿನ ‘ಥರೋಬ್ರೆಡ್’ ತಳಿಗೆ ಇಂಗ್ಲೆಂಡಿನಲ್ಲಿ ಒಂದು ವಂಶಾವಳಿ ಪುಸ್ತಕವಿದೆ, ‘ಜನರಲ್ ಸ್ಟಡ್ ಬುಕ್’. ಮೊದಲು ಅಚ್ಚಾದದ್ದು 1791ರಲ್ಲಿ. ಆ ತಳಿಯ ಕಥೆಯನ್ನು ಯಾರೇ ಹೇಳಲಿ, ಮೂರು ಗಂಡು ಕುದುರೆಗಳಿಂದ ಶುರುಮಾಡುತ್ತಾರೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಪೂರ್ವದಿಂದ ಬಂದ ಈ ಮೂವರು ಮೂಲಪುರುಷರು. ಹಾಗಾದರೆ ಮೂಲಮಾತೆಯರು? ಅವರೂ ಇದ್ದಾರೆ, ಹೆಸರಿಲ್ಲದೆ. ಒಬ್ಬಳು ‘ಟ್ರೆಗಾನ್ವೆಲ್ಲನ ಬಾರ್ಬ್ ಕುದುರೆ’, ಇನ್ನೊಬ್ಬಳು ‘ಬರ್ಟನ್ನನ ಬಾರ್ಬ್ ಕುದುರೆ’. ಮತ್ತೊಬ್ಬಳು ಬರೀ ‘ಇಬ್ಬರು ಟ್ರೂ ಬ್ಲೂಗಳ ತಾಯಿ’. ಒಡೆಯನ ಹೆಸರು, ಇಲ್ಲವೇ ಮಕ್ಕಳ ಹೆಸರು. ನಮ್ಮಲ್ಲೂ ‘ಮೇಷ್ಟ್ರ ಹೆಂಡತಿ’, ‘ರಾಜನ ಅಮ್ಮ’ ಎನ್ನುವುದಿಲ್ಲವೇ? ತಮಾಷೆಯೆಂದರೆ, ಆ ಪುಸ್ತಕವನ್ನು ಜೋಡಿಸಿರುವುದು ಹೆಣ್ಣು ಕುದುರೆಗಳ ಪ್ರಕಾರವೇ. ಪ್ರತಿಯೊಬ್ಬಳ ಕೆಳಗೆ ಯಾವ ವರ್ಷ ಯಾವ ಮರಿ ಎಂಬ ಪಟ್ಟಿ. ಮರಿಯಾಗದ ವರ್ಷದ ಮುಂದೆ ಒಂದೇ ಮಾತು: ‘ಬ್ಯಾರನ್’. ಅಂದರೆ ಗೊಡ್ಡು.

2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಂಶಾವಳಿಗಳನ್ನು ಲೆಕ್ಕ ಹಾಕಿತು. ಇಂದಿನ ಥರೋಬ್ರೆಡ್ ಗಂಡು ಸಂತತಿಯ ನೂರಕ್ಕೆ 95 ಪಾಲು ಡಾರ್ಲಿ ಅರೇಬಿಯನ್ ಒಬ್ಬನಿಗೇ ಸೇರಿದ್ದು. ತಾಯಿಯ ಕಡೆಯಿಂದ ನೋಡಿದರೆ ಹತ್ತು ಹೆಣ್ಣು ಕುದುರೆಗಳು ಸೇರಿ 72 ಪಾಲು. ಗಂಡಿನ ಕಡೆ ವೈವಿಧ್ಯ ಬತ್ತಿಹೋಗಿದೆ. ಹೆಣ್ಣಿನ ಕಡೆ ಇನ್ನೂ ಸ್ವಲ್ಪ ಪಸೆ ಉಳಿದಿದೆ. ಜೀವಕಣಗಳೊಳಗೆ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಅವು ತಾಯಿಯ ಅಂಡದಿಂದಲೇ ಮಕ್ಕಳಿಗೆ ಬರುತ್ತವೆ, ತಂದೆಯಿಂದಲ್ಲ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಒಲೆಯ ಕೆಂಡ ದಾಟಿಸಿದ ಹಾಗೆ. ಹೆಸರಿಲ್ಲದ ಆ ತಾಯಂದಿರು ಪುಸ್ತಕದಲ್ಲಿ ಬರೆಸಿಕೊಳ್ಳಲಾರದ್ದನ್ನು ಮರಿಗಳ ಮೈಯಲ್ಲಿ ಬರೆದು ಹೋಗಿದ್ದಾರೆ.

ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂಬ ವಾದ ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲೂ ಇದೆ. ಕುದುರೆ ಸಾಕುವವರು ಬಹುಕಾಲ ಬೀಜದ ಪಕ್ಷ. ರಷ್ಯದಲ್ಲಿ ಇಲ್ಯಾ ಇವಾನೋವ್ ಎಂಬ ವಿಜ್ಞಾನಿ 1901ರ ಸುಮಾರಿಗೆ ಕುದುರೆಗಳ ಕೃತಕ ಗರ್ಭಧಾರಣೆಗೆ ಕೇಂದ್ರವನ್ನೇ ತೆರೆದ. ಇಪ್ಪತ್ತು ಮೂವತ್ತು ಕುದುರೆಗಳಿಗೆ ಆಗುತ್ತಿದ್ದ ಒಂದು ಗಂಡಿನ ಬೀಜ ಐನೂರಕ್ಕೂ ಸಾಕಾಗಬಲ್ಲದು ಎಂದು ತೋರಿಸಿದ. ಬೀಜದ ಬೆಲೆ ಇನ್ನೂ ಏರಿತು.

ಕ್ಷೇತ್ರದ ಪರವಾಗಿ ಸಾಕ್ಷಿ ಸಿಕ್ಕಿದ್ದು 1938ರಲ್ಲಿ, ಕೇಂಬ್ರಿಜ್‌ನಲ್ಲಿ. ವಾಲ್ಟನ್, ಹ್ಯಾಮಂಡ್ ಎಂಬಿಬ್ಬರು ಭಾರಿ ಗಾತ್ರದ ಶೈರ್ ಕುದುರೆಗೂ ಗಿಡ್ಡ ಶೆಟ್ಲೆಂಡ್ ಕುದುರೆಗೂ ಕೃತಕವಾಗಿ ಸಂಕರ ಮಾಡಿಸಿದರು. ಒಂದು ಕಡೆ ತಾಯಿ ದೊಡ್ಡದು, ತಂದೆ ಗಿಡ್ಡ. ಇನ್ನೊಂದು ಕಡೆ ತಾಯಿ ಗಿಡ್ಡ, ತಂದೆ ದೊಡ್ಡದು. ಎರಡೂ ಮರಿಗಳು ಅದೇ ಎರಡು ತಳಿಗಳ ಅರ್ಧರ್ಧ ಪಾಲಿನವು. ಆದರೆ ದೊಡ್ಡ ತಾಯಿಯ ಮರಿ ಹುಟ್ಟುವಾಗಲೇ ಗಿಡ್ಡ ತಾಯಿಯ ಮರಿಯ ಮೂರು ಪಟ್ಟು ತೂಗಿತು. ಬೆಳೆದ ಮೇಲೂ ಆ ಅಂತರ ಪೂರ್ತಿ ಹೋಗಲಿಲ್ಲ. ಹನ್ನೊಂದು ತಿಂಗಳು ಹೊತ್ತ ಒಡಲು ಬರೀ ಚೀಲವಲ್ಲ ಎಂದು ತಕ್ಕಡಿಯೇ ಹೇಳಿತು.

ಮುಂದಿನ ಹೆಜ್ಜೆಯನ್ನು ನಮ್ಮ ಪುರಾಣ ಯಾವಾಗಲೋ ಇಟ್ಟಾಗಿತ್ತು. ದೇವಕಿಯ ಗರ್ಭವನ್ನು ರೋಹಿಣಿಗೆ ಸಾಗಿಸಿ ಬಲರಾಮ ಹುಟ್ಟಲಿಲ್ಲವೇ? ಕುದುರೆಗಳಲ್ಲಿ ಅದನ್ನು ಮಾಡತೊಡಗಿದ್ದು 1970ರ ದಶಕದ ಮೊದಲಲ್ಲಿ, ಜಪಾನಿನಲ್ಲಿ ಮತ್ತು ಕೇಂಬ್ರಿಜ್‌ನಲ್ಲಿ. ಫಲಿತ ಅಂಡ ಏಳೆಂಟು ದಿನದ್ದಾದಾಗ ತಾಯಿಯ ಗರ್ಭಕೋಶವನ್ನು ದ್ರವದಿಂದ ತೊಳೆದು, ಧೂಳಿನ ಕಣದಂಥ ಆ ಭ್ರೂಣವನ್ನು ಹುಡುಕಿ, ಇನ್ನೊಂದು ಕುದುರೆಯ ಒಡಲಿಗೆ ಸೇರಿಸುತ್ತಾರೆ. ಎರಡು ಕುದುರೆಗಳ ಋತುಚಕ್ರವೂ ಹೊಂದಿಕೊಂಡಿರಬೇಕು. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಓದಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಕೇಂಬ್ರಿಜ್‌ನಿಂದ ಪೋಲೆಂಡಿಗೆ ಕುದುರೆಯ ಭ್ರೂಣಗಳನ್ನು ಕಳಿಸಿದ್ದು ಮೊಲಗಳ ಅಂಡನಾಳದಲ್ಲಿಟ್ಟು! ಕುದುರೆಯ ಮರಿಯಾಗಬೇಕಾದ ಜೀವವನ್ನು ದಾರಿಯುದ್ದಕ್ಕೂ ಮೊಲವೊಂದು ಕಾಪಾಡಿತು.

ಈ ವಿದ್ಯೆಯಿಂದ ಗೊಡ್ಡುತನದ ಒಳಗನ್ನೂ ನೋಡುವಂತಾಯಿತು. ಮುದಿ ಕುದುರೆ ಬಸಿರಾಗದಿರುವುದು ಗರ್ಭಕೋಶ ಸವೆದದ್ದರಿಂದಲೇ ಎಂಬ ನಂಬಿಕೆಯಿತ್ತು. ಮುದಿ ಕುದುರೆಗಳ ಅಂಡವನ್ನು ಪ್ರಾಯದ ಕುದುರೆಗಳಲ್ಲಿಟ್ಟು ನೋಡಿದ ಅಮೆರಿಕದ ವಿಜ್ಞಾನಿಗಳು, ಅಂಡಕ್ಕೇ ವಯಸ್ಸಾಗಿರುತ್ತದೆ ಎಂದು 1995ರಲ್ಲಿ ತಿಳಿಸಿದರು. ಇನ್ನು ಕೆಲವು ಕುದುರೆಗಳ ಕಥೆ ಬೇರೆ. ಕುದುರೆಗೆ 64 ವರ್ಣತಂತುಗಳಿರಬೇಕು. ಒಂದು ಎಕ್ಸ್ ವರ್ಣತಂತು ಇಲ್ಲದೆ 63ರಲ್ಲೇ ಹುಟ್ಟಿದ ಹೆಣ್ಣು ಕುದುರೆ ನೋಡಲು ಲಕ್ಷಣವಾಗಿದ್ದರೂ ಸಾಮಾನ್ಯವಾಗಿ ಬಸಿರಾಗುವುದಿಲ್ಲ. ಅದು ಯಾರ ಪಾಪವೂ ಅಲ್ಲ, ಹುಟ್ಟಿನ ಎಣಿಕೆಯ ತಪ್ಪು. ಕೆಲವು ಗಂಡು ಕುದುರೆಗಳಲ್ಲಿ ಎಫ್‌ಕೆಬಿಪಿ6 ಎಂಬ ಜೀನಿನ ಭೇದಕ್ಕೂ ಬೀಜ ಫಲಿಸದಿರುವುದಕ್ಕೂ ನಂಟಿದೆ ಎಂದು 2012ರಲ್ಲಿ ತಿಳಿಯಿತು. ಅಂಥವನ ಲಾಯಕ್ಕೆ ಹೋಗಿಬಂದ ಎಷ್ಟು ಕುದುರೆಗಳ ಮುಂದೆ ‘ಗೊಡ್ಡು’ ಎಂದು ಬರೆದಿರಬಹುದು! ಅದನ್ನು ಓದಿದ ರಾತ್ರಿ ನನಗೆ ಮಾವನವರ ನೆನಪಾಯಿತು.

ಆದರೆ ಹೊಸ ವಿದ್ಯೆಯೆಲ್ಲ ಹೆಣ್ಣಿಗೆ ವರವೆಂದುಕೊಂಡರೆ ತಪ್ಪಾದೀತು. ಥರೋಬ್ರೆಡ್ ತಳಿಯವರು ಇಂದಿಗೂ ಕೃತಕ ಗರ್ಭಧಾರಣೆಯನ್ನಾಗಲಿ ಭ್ರೂಣ ವರ್ಗಾವಣೆಯನ್ನಾಗಲಿ ಒಪ್ಪುವುದಿಲ್ಲ. ಅಷ್ಟಾಗಿಯೂ, ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಪರೀಕ್ಷಿಸಿದ 2020ರ ಅಧ್ಯಯನವೊಂದು, ಐದು ದಶಕಗಳಿಂದ ಆ ತಳಿಯಲ್ಲಿ ಒಳಸಂಬಂಧ ಹೆಚ್ಚುತ್ತಲೇ ಇದೆ ಎಂದಿತು. ಎಲ್ಲರೂ ಗೆದ್ದವನ ಬೀಜವನ್ನೇ ಬಯಸಿದರೆ ಆಗುವುದು ಅದೇ. ಭ್ರೂಣ ವರ್ಗಾವಣೆಯಿಂದ ಹೆಸರುವಾಸಿಯಾದ ಒಂದೇ ತಾಯಿಗೆ ವರ್ಷಕ್ಕೆ ಹಲವು ಮರಿ ಮಾಡಿಸಬಹುದು; ಅರ್ಜೆಂಟೀನಾದ ಪೋಲೋ ಆಟದ ಕುದುರೆಗಳಲ್ಲಿ ಹಾಗೆಯೇ ನಡೆಯುತ್ತಿದೆ. ಗಂಡಿನ ಕಡೆ ಬತ್ತಿದ್ದು ಹೆಣ್ಣಿನ ಕಡೆಯೂ ಬತ್ತಬಹುದು. ಹೊರುವ ಬಾಡಿಗೆ ತಾಯಂದಿರಂತೂ ಮತ್ತೆ ಹೆಸರಿಲ್ಲದವರೇ. 2003ರಲ್ಲಿ ಇಟಲಿಯಲ್ಲಿ ಪ್ರೊಮೆಟಿಯಾ ಎಂಬ ಮೊದಲ ತದ್ರೂಪಿ ಕುದುರೆ ಹುಟ್ಟಿತು. ಅದಕ್ಕಾಗಿ ತಯಾರಾದ ಭ್ರೂಣಗಳು 841, ಹುಟ್ಟಿದ್ದು ಒಂದು. ಅದನ್ನು ಹೊತ್ತ ತಾಯಿ ಹೆತ್ತದ್ದು ತನ್ನದೇ ಪಡಿಯಚ್ಚನ್ನು.

ನಮ್ಮ ದೇಶದಲ್ಲಿ ನನಗೆ ಸಮಾಧಾನ ತಂದ ಸುದ್ದಿ ಬಿಕಾನೇರಿನದು. ಅಲ್ಲಿನ ಸರ್ಕಾರಿ ಅಶ್ವ ಸಂಶೋಧನಾ ಕೇಂದ್ರದಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾಡಿ ತಳಿಯ ಹೆಣ್ಣುಮರಿ ಹುಟ್ಟಿತು. ‘ರಾಜ್ ಪ್ರಥಮಾ’ ಎಂದು ಹೆಸರಿಟ್ಟರು. ಸಂಖ್ಯೆ ಕುಗ್ಗುತ್ತಿರುವ ತಳಿಯನ್ನು ಉಳಿಸಲು ಈ ಕೆಲಸ. ವಿದ್ಯೆ ಅದೇ, ಯಾತಕ್ಕೆ ಬಳಸುತ್ತೇವೆ ಎಂಬುದರ ಮೇಲೆ ತಳಿ ಬತ್ತುವುದೂ ಉಂಟು, ಚಿಗುರುವುದೂ ಉಂಟು.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಈಚೆಗೆ ನನ್ನ ಅಣ್ಣನ ಮಗ ಮನೆತನದ ವಂಶವೃಕ್ಷ ಬರೆಸಿ ತಂದ. ಚೆಂದದ ಮರ, ಕೊಂಬೆ ಕೊಂಬೆಗೂ ಗಂಡಸರ ಹೆಸರು. ನಾನು ಪೆನ್ನು ತೆಗೆದು, ನನ್ನ ತಂದೆಯ ಹೆಸರಿನ ಪಕ್ಕದಲ್ಲಿ ಅವರ ತಂಗಿಯ ಹೆಸರನ್ನು ಬರೆದೆ.

‘ಅವರಿಗೆ ಮಕ್ಕಳಿರಲಿಲ್ಲವಲ್ಲ ಅತ್ತೆ, ಮುಂದಕ್ಕೆ ಗೆರೆ ಎಲ್ಲಿಗೆ ಎಳೀಲಿ?’ ಎಂದ.

‘ಗೆರೆ ಬೇಡಪ್ಪ, ಹೆಸರು ಇರಲಿ’ ಎಂದೆ.