ಮೂಡುಬಿದಿರೆಯ ಗರಿಯಲ್ಲೊಂದು ಅಂಕೆಯ ಹಾರ

ಫೋನಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ. 27994681ನ್ನು 441ರಿಂದ ಗುಣಿಸಿ. ಬಂತಾ? 12345654321. ಹಿಂದಿನಿಂದ ಓದಿದರೂ ಅದೇ!

ಈ ಲೆಕ್ಕ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದ್ದು. ಇಂಥ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಗುಟ್ಟು ಇಷ್ಟೇ: 27994681 ಅಂದ್ರೆ 5291ರ ವರ್ಗ, 441 ಅಂದ್ರೆ 21ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಹಾರ ಅದರ ವರ್ಗ. 3, 7, 11, 13, 37 – ಈ ಐದು ಅವಿಭಾಜ್ಯಗಳೂ ಅದರಲ್ಲಿ ಎರಡೆರಡು ಸಲ ಇವೆ.

1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದಾಗ ಬಳಸಿದ ಪ್ರತಿಗಳಲ್ಲೊಂದು ನಮ್ಮ ಮೂಡುಬಿದಿರೆಯ ತಾಳೆಗರಿಯ ನಕಲು. ಬಂಟ್ವಾಳ, ಬೆಳ್ತಂಗಡಿಯಿಂದ ಬಸ್ಸು ಹತ್ತಿ ಬರುವ ನಾವು ಸಾವಿರ ಕಂಬ ಎಣಿಸ್ತೇವೆ, ಗರಿ ಕೇಳೋದು ಕಡಿಮೆ. ಗರಿಗೆ ಗೆದ್ದಲು, ನಕಲುಗಾರನಿಗೆ ನಿದ್ದೆ! ಆದರೆ ಈ ಲೆಕ್ಕದಲ್ಲಿ ಒಂದು ಅಂಕೆ ಜಾರಿದ್ದರೂ, ಗುಣಿಸಿ ನೋಡಿದವನಿಗೆ ಹಾರ ತುಂಡಾದದ್ದು ಕಂಡೇ ಕಾಣುತ್ತಿತ್ತು.