ಸ್ಟ್ರೀಮಿಂಗ್ ವಿಡಿಯೊ ಸರ್ವರ್: ಫಾಸ್ಟ್ ಫಾರ್ವರ್ಡ್ ಮತ್ತು ಅವಧಿ ಪ್ಲೇಬ್ಯಾಕ್‌ನ ದೋಷಶೋಧ

ಸರ್ವರಿನಲ್ಲಿರುವ ವಿಡಿಯೊವನ್ನು ಪೂರ್ತಿ ಇಳಿಸಿಕೊಳ್ಳದೆಯೇ ಬೇಗಬೇಗ ಓಡಿಸಿ ನೋಡುವುದು ಫಾಸ್ಟ್ ಫಾರ್ವರ್ಡ್. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ಭಾಗವನ್ನಷ್ಟೇ ತರಿಸಿಕೊಳ್ಳುವುದು ಅವಧಿ ಪ್ಲೇಬ್ಯಾಕ್. ಸಿನಿಮಾ ನೋಡುವವರಿಗೆ ಇವು ಸೌಕರ್ಯ. ಸಿಸಿಟಿವಿ ದಾಖಲೆ ಹುಡುಕುವವರಿಗೆ ಇವಿಲ್ಲದೆ ಕೆಲಸವೇ ಸಾಗದು.

2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಆದೇಶಿಸಿತು. ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಝಳಕಿಯಂಥ ಊರಿನ ಠಾಣೆಗೂ ಅದು ಅನ್ವಯ. ಅಷ್ಟು ತಿಂಗಳ ದಾಖಲೆಯಲ್ಲಿ ಬೇಕಾದ ಹತ್ತು ನಿಮಿಷ ಕೈಗೆ ಸಿಗದಿದ್ದರೆ ಉಳಿಸಿಟ್ಟೂ ಫಲವಿಲ್ಲ.

ಇಂಥ ರೆಕಾರ್ಡರ್‌ಗಳು ಸಾಮಾನ್ಯವಾಗಿ ಬಳಸುವುದು 1998ರಲ್ಲಿ ರೂಪುಗೊಂಡ ಆರ್‌ಟಿಎಸ್‌ಪಿ ನಿಯಮಾವಳಿ. ಇದರಲ್ಲಿ 'ರೇಂಜ್' ಅವಧಿಯನ್ನೂ 'ಸ್ಕೇಲ್' ನೋಟದ ವೇಗವನ್ನೂ ಹೇಳುತ್ತದೆ. 'ಸ್ಪೀಡ್' ಬೇರೆಯೇ: ದತ್ತಾಂಶ ಎಷ್ಟು ಬೇಗ ಬರಬೇಕೆಂಬುದಷ್ಟೇ ಅದರ ವಿಷಯ. ಈ ಎರಡನ್ನು ಬೆರೆಸಿಕೊಂಡು ದಾರಿ ತಪ್ಪಿದವರು ಬಹಳ. ನಾಲ್ಕು ಪಟ್ಟು ವೇಗ ಕೇಳಿದರೂ ಸರ್ವರಿನ ಉತ್ತರದಲ್ಲಿ ಸ್ಕೇಲ್ 1 ಎಂದಿದ್ದರೆ ಆ ಸರ್ವರಿಗೆ ಫಾಸ್ಟ್ ಫಾರ್ವರ್ಡ್ ಸಾಧ್ಯವಾಗಿಲ್ಲ ಎಂದೇ ಅರ್ಥ. ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ.

ಅತಿ ಹೆಚ್ಚು ಕಾಡುವುದು ಗಡಿಯಾರ. ಆರ್‌ಟಿಎಸ್‌ಪಿಯ ಗಡಿಯಾರ ಮಾದರಿಯ ರೇಂಜ್ ಯುಟಿಸಿಯಲ್ಲಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 10ರ ದೃಶ್ಯ ಬೇಕಿದ್ದರೆ 04:30 ಎಂದು ಕೇಳಬೇಕು. 10:00 ಎಂದೇ ಕೇಳಿದರೆ ತೆರೆಯ ಮೇಲೆ ಮಧ್ಯಾಹ್ನ ಮೂರೂವರೆಯ ದೃಶ್ಯ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

ಕೇಳಿದ ಕ್ಷಣಕ್ಕೆ ಸರಿಯಾಗಿ ಚಿತ್ರ ಶುರುವಾಗದಿರುವುದಕ್ಕೆ ಕಾರಣ ಕೀಫ್ರೇಮ್. ಸಂಕುಚಿತ ವಿಡಿಯೊದಲ್ಲಿ ಪೂರ್ಣ ಚಿತ್ರ ಇರುವುದು ಅಲ್ಲಲ್ಲಿ ಮಾತ್ರ. ನಡುವಿನವು ಬದಲಾವಣೆಗಳನ್ನಷ್ಟೇ ಹೊತ್ತಿರುತ್ತವೆ. ಸೆಕೆಂಡಿಗೆ 25 ಫ್ರೇಮ್ ಇದ್ದು 50 ಫ್ರೇಮಿಗೊಂದು ಕೀಫ್ರೇಮ್ ಇದ್ದರೆ ಎರಡು ಸೆಕೆಂಡಿನವರೆಗೆ ವ್ಯತ್ಯಾಸ ಸಹಜ. ಜಾಗ ಉಳಿಸಲು ಕೀಫ್ರೇಮ್‌ಗಳನ್ನು ತೀರಾ ದೂರ ದೂರ ಇಟ್ಟರೆ ಫಾಸ್ಟ್ ಫಾರ್ವರ್ಡ್ ಕುಂಟುತ್ತದೆ, ಚಿತ್ರ ಚೂರುಚೂರಾಗಿ ಕಾಣುತ್ತದೆ.

ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್‌ನಲ್ಲಿ ಇನ್ನೊಂದು ತೊಡಕಿದೆ. ಅದರ 33 ಬಿಟ್‌ಗಳ ಕಾಲಸೂಚಿ ಸೆಕೆಂಡಿಗೆ 90,000 ಎಣಿಸುತ್ತ ಸುಮಾರು 26 ಗಂಟೆ 30 ನಿಮಿಷಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. ಹಗಲೂ ರಾತ್ರಿ ನಡೆಯುವ ದಾಖಲೆಯಲ್ಲಿ ಈ ತಿರುವನ್ನು ಲೆಕ್ಕಕ್ಕೆ ಹಿಡಿಯದ ಸರ್ವರ್ ತಪ್ಪು ಜಾಗಕ್ಕೆ ಜಿಗಿಯುತ್ತದೆ.

ಎಚ್‌ಟಿಟಿಪಿ ಮೂಲಕ ಫೈಲ್ ಕೊಡುವಲ್ಲಿ ಪರೀಕ್ಷೆ ಸುಲಭ. ಭಾಗವನ್ನು ಕೇಳಿದಾಗ 206 ಬಂದರೆ ಸರಿ. 200 ಬಂದರೆ ಸರ್ವರ್ ರೇಂಜನ್ನು ಕಡೆಗಣಿಸಿ ಇಡೀ ಫೈಲನ್ನೇ ಕಳಿಸುತ್ತಿದೆ. 416 ಬಂದರೆ ಕೇಳಿದ ಭಾಗ ಫೈಲಿನ ಆಚೆಗಿದೆ. ಎಂಪಿ4 ಫೈಲಿನ ಸೂಚಿ ಕೊನೆಯಲ್ಲಿದ್ದರೂ ಆರಂಭ ತಡವಾಗುತ್ತದೆ. ಅದನ್ನು ಮುಂಭಾಗಕ್ಕೆ ತರಬೇಕು.

ಕ್ಯಾಮೆರಾ ಅಳವಡಿಸುವವರು ಲೈವ್ ಚಿತ್ರ ತೋರಿಸಿ ಕೆಲಸ ಮುಗಿಸಬಾರದು. ಹಿಂದಿನ ದಿನದ ಒಂದು ನಿರ್ದಿಷ್ಟ ಹೊತ್ತಿನ ದೃಶ್ಯವನ್ನು ತೆಗೆಸಿ, ಗೋಡೆ ಗಡಿಯಾರದ ಸಮಯಕ್ಕೆ ತಾಳೆ ನೋಡಿದ ಮೇಲೆಯೇ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿ.